ಅಕ್ಕನಿಗೊಂದು ಹೊಸ್ತಿಲಿಲ್ಲದ ಬಚ್ಚಲು

ಆ ಶನಿವಾರ ಬೆಳಿಗ್ಗೆ ಅಕ್ಕ ಎದುರು ಮನೆಯ ಕೂಸಿಗೆ ಎರೆದು ಬಂದಳು. ಇಪ್ಪತ್ತು ದಿನದ ಕೂಸು. ಅಕ್ಕ ಮಣೆಯ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಮೂಗು ತೀಡಿ, ತಲೆ ಒತ್ತಿ ಮಲಗಿಸಿದರೆ ಅದು ಮಧ್ಯಾಹ್ನದವರೆಗೆ ಕಣ್ಣು ಬಿಡುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಈಗ ಮೀಸೆ ತಿರುವುತ್ತ ಓಡಾಡುವ ಗಂಡಸರಲ್ಲಿ ಅರ್ಧಕ್ಕರ್ಧ ಜನರ ತಲೆ ದುಂಡಗಿರುವುದು ಅಕ್ಕನ ಕೈಯಿಂದ. ತಲೆಯ ಒಳಗೆ ಏನಿದೆ ಎಂಬುದಕ್ಕೆ ಅವಳು ಹೊಣೆಯಲ್ಲ.

ಬಂದವಳೇ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನಗೆ ಬೈದಳು. "ಲೇ ಈರ್ಯಾ, ಸಂತಿ ಮಂದಿ ಬಂದ್ ನಿಂತಾರ, ನೀ ಇನ್ನ ಚಾ ಹೀರಾಕತ್ತಿ. ಅಂಗಡಿ ಯಾರ ತಗೀಬೇಕ?" ನಾನು ಎದ್ದು ಹೋಗಿ ಅಂಗಡಿ ತೆಗೆದೆ. ಹಿರೇಕೆರೂರಿನಲ್ಲಿ ನನ್ನದು ಹಗ್ಗ ಮತ್ತು ಗೋಣಿಚೀಲದ ಅಂಗಡಿ. ಆ ದಿನ ಇನ್ನೇನೂ ನಡೆಯಲಿಲ್ಲ. ನಡೆಯದಿದ್ದದ್ದೇ ದೊಡ್ಡ ಭಾಗ್ಯವೆಂದು ಆಗ ತಿಳಿಯಲಿಲ್ಲ.

ಮರುದಿನ ಬಚ್ಚಲಿನಿಂದ ಬಕೆಟ್ ಹಿಡಿದು ಹೊರಗೆ ಬರುವಾಗ ಅಕ್ಕ ಹೊಸ್ತಿಲು ಎಡವಿ ಬಿದ್ದಳು. ತೊಡೆಯ ಎಲುಬು ಮುರಿಯಿತು.

ಆ ಹೊಸ್ತಿಲನ್ನು ನಮ್ಮ ಅಪ್ಪ ಒಂದು ಗೇಣು ಎತ್ತರ ಕಟ್ಟಿಸಿದ್ದ. ಬಚ್ಚಲಿನ ನೀರು ಪಡಸಾಲೆಗೆ ಬರಬಾರದೆಂದು. ಹತ್ತಿಮತ್ತೂರಿಗೆ ಕೊಟ್ಟಿದ್ದ ಅಕ್ಕ ಗಂಡ ತೀರಿದ ಮೇಲೆ ತಿರುಗಿ ಬಂದು ನಲವತ್ತೈದು ವರ್ಷ ದಿನಕ್ಕೆ ಹತ್ತು ಸಲ ಅದನ್ನು ದಾಟಿದ್ದಾಳೆ. ನಲವತ್ತೈದು ವರ್ಷ ಸುಮ್ಮನಿದ್ದು ಎಪ್ಪತ್ತೆರಡರ ಮುದುಕಿಯ ಕಾಲು ಹಿಡಿಯುವುದೆಂದರೆ, ಅದು ಹೊಸ್ತಿಲು ಮಾಡುವ ಕೆಲಸವೇ?

ಅಕ್ಕ ಈಗಿಲ್ಲ. ಹೋಗಿ ಐದು ತಿಂಗಳಾಯಿತು. ಇಂದಿಗೂ ಮಾತನಾಡಿಸಲು ಬರುವವರಿದ್ದಾರೆ. ಬರಲಿ, ಬೇಡ ಎನ್ನುವುದಿಲ್ಲ. ಆದರೆ ಅಕ್ಕನ ಬಗ್ಗೆ ಎರಡು ಮಾತು ಆಡಿ, ಚಹಾ ಕುಡಿದು ಬಟ್ಟಲು ಕೆಳಗಿಡುವಾಗ, "ಅಂದಂಗ, ನಿಮ್ಮ ಹೊಸಾ ಬಚ್ಚಲ ನೋಡೂದಿತ್ರಿ" ಎನ್ನುತ್ತಾರೆ! ನೋಡಿ ಬಂದು ತಲೆದೂಗುತ್ತಾರೆ. "ಭಾರಿ ಮಾಡ್ಸೀರಿ ಬಿಡ್ರಿ, ಹಿಂತಾದ್ದು ಹಾವೇರ್ಯಾಗೂ ಇಲ್ಲ" ಎನ್ನುತ್ತಾರೆ. ಸದರಿ ಬಚ್ಚಲಿನ ನಿಜ ಸಂಗತಿ ಏನೆಂದು ಒಮ್ಮೆ ಬರೆದಿಟ್ಟರೆ ಎಲ್ಲರಿಗೂ ಬಾಯಿಂದ ಹೇಳುವುದು ತಪ್ಪೀತೆಂದು ಇದನ್ನು ಬರೆಯುತ್ತಿದ್ದೇನೆ.

ಅಕ್ಕನ ತೊಡೆಗೆ ಆಪರೇಷನ್ ಆಯಿತು. ಡಾಕ್ಟರರು ಮೂರು ಮಾತು ಹೇಳಿದರು. ನೆಲಕ್ಕೆ ಕೂರಬಾರದು, ಮೆಟ್ಟಿಲು ಹೊಸ್ತಿಲು ದಾಟಬಾರದು, ನಾಲ್ಕು ಕಾಲಿನ ವಾಕರ್ ಹಿಡಿದೇ ನಡೆಯಬೇಕು. ಮನೆಗೆ ಬಂದ ಮರುದಿನವೇ ತೊಂದರೆ ಶುರುವಾಯಿತು. ನನ್ನ ಹೆಂಡತಿ ಕಸ್ತೂರಿ ಬಿಸಿನೀರು ತಂದು, ಅಡುಗೆ ಮನೆಯ ಮೂಲೆಯಲ್ಲಿ ಕುರ್ಚಿ ಹಾಕಿ, "ಬರ್ರಿ ಅಕ್ಕಾರ, ನಾ ಜಳಕಾ ಮಾಡಸ್ತೇನಿ" ಎಂದಳು. ಅಕ್ಕ ಕುರ್ಚಿಯ ಕಡೆ ನೋಡಲೂ ಇಲ್ಲ.

"ನೋಡ ಕಸ್ತೂರಿ, ಮಂದಿ ಕೈಲೆ ಎರಸ್ಕೊಳ್ಳೂದು ಎರಡ ಸಲ. ಹುಟ್ಟಿದಾಗ ಒಮ್ಮೆ, ಸತ್ತಾಗ ಒಮ್ಮೆ. ನಡುವಿಂದು ನಾ ನೋಡ್ಕೋಬೇಕು."

"ನಾ ಏನ್ ಮಂದಿ ಏನ್ರಿ ಅಕ್ಕಾರ?"

"ನೀ ಮಂದಿ ಅಲ್ಲವಾ. ಆದ್ರ ನಾನೂ ಕೂಸಲ್ಲ."

ಕೊನೆಗೆ ಒಪ್ಪಿದಳು, ಒಪ್ಪದೆ ಏನು ಮಾಡುವುದು. ಆದರೆ ಆ ಹೊತ್ತು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು, ಮುಗಿಯುವವರೆಗೆ ಒಂದು ಮಾತೂ ಆಡುತ್ತಿರಲಿಲ್ಲ. ದಿನವಿಡೀ ಬಾಯಿ ಮುಚ್ಚದವಳು. ಕಸ್ತೂರಿ ಒಳಗಿನಿಂದ ಬಂದು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಂದೇ ತೀರ್ಮಾನ ಮಾಡಿದೆ. ಅಕ್ಕ ತಾನೇ ಒಳಗೆ ಹೋಗಿ, ತಾನೇ ಚಿಲಕ ಹಾಕಿಕೊಂಡು, ತಾನೇ ಸ್ನಾನ ಮಾಡಿ ಹೊರಗೆ ಬರಬೇಕು. ಇಷ್ಟೇ. ಇಷ್ಟನ್ನು ಮಾಡಿಕೊಡಲಾರದವನು ತಮ್ಮನೇ?

ಮೊದಲ ಪ್ರಯತ್ನವಾಗಿ ನನ್ನ ಅಂಗಡಿಯ ಅತ್ಯುತ್ತಮ ಹಗ್ಗವನ್ನು, ಹೋರಿ ಜಗ್ಗಿದರೂ ಹರಿಯದಂಥದ್ದನ್ನು, ಬಚ್ಚಲಿನ ತೊಲೆಗೆ ಕಟ್ಟಿ ಇಳಿಬಿಟ್ಟೆ. ಅದನ್ನು ಹಿಡಿದು ಹೊಸ್ತಿಲು ದಾಟಬಹುದೆಂದು ನನ್ನ ಲೆಕ್ಕ. ಅಕ್ಕ ಹಗ್ಗವನ್ನು ಮೇಲಿನಿಂದ ಕೆಳಗೆ ನೋಡಿದಳು.

"ಗೂಟ ಒಂದ ಕಮ್ಮಿ ಆಗೈತಿ ನೋಡೋ. ಅದನ್ನೂ ಬಡದು ನಾಕ ಸೂಡ ಮೇವ ಹಾಕಿಬಿಡು."

ಹಗ್ಗ ಅಂಗಡಿಗೆ ವಾಪಸ್ಸು ಹೋಯಿತು.

ಅದೇ ವಾರ ಶಿಗ್ಗಾಂವಿಯಲ್ಲಿ ಕಸ್ತೂರಿಯ ಚಿಕ್ಕಪ್ಪನ ಮಗ ಹೊಸ ಮನೆಯ ಗೃಹಪ್ರವೇಶ ಇಟ್ಟುಕೊಂಡಿದ್ದ. ಬಂದವರೆಲ್ಲ ದೇವರ ಮನೆ ನೋಡಿದರು, ಅಡುಗೆ ಮನೆ ನೋಡಿದರು. ನಾನು ಬಚ್ಚಲು ನೋಡಿದೆ. ನೋಡಿ ಅಲ್ಲೇ ನಿಂತೆ! ಹೊಸ್ತಿಲೇ ಇಲ್ಲ! ನೆಲ ಒಂದೇ ಸಮ. ಒಂದು ಪಕ್ಕಕ್ಕೆ ಎದೆಯೆತ್ತರಕ್ಕಿಂತ ಮೇಲೆ ಹೋದ ಗಾಜಿನ ಗೋಡೆ, ಅದರ ಪಕ್ಕದಲ್ಲಿ ನಡೆದು ಹೋಗುವಷ್ಟು ದಾರಿ. ಮೇಲೆ ಸೂರಿನಲ್ಲಿ ಊಟದ ಗಂಗಾಳದಷ್ಟು ಅಗಲದ ಶವರು.

"ಇದಕ್ಕ ವಾಕ್-ಇನ್ ಶವರ್ ಅಂತಾರ ಮಾಮಾ," ಎಂದ ಮನೆಯ ಯಜಮಾನ. "ನಡಕೋತ ಒಳಗ ಹೋಗೂದು, ನಡಕೋತ ಹೊರಗ ಬರೂದು."

ನಡೆದು ಹೋಗದೆ ಬಚ್ಚಲಿಗೆ ಯಾರಾದರೂ ಹಾರಿ ಹೋಗುತ್ತಾರೆಯೇ ಎಂದು ಕೇಳಬೇಕೆಂದುಕೊಂಡೆ. ನಮ್ಮ ಮನೆಯಲ್ಲಿ ಹಾರಿಯೇ ಹೋಗುತ್ತೇವೆ ಎಂಬುದು ನೆನಪಾಗಿ ಸುಮ್ಮನಾದೆ. ವಾಕರ್ ಹೋಗುತ್ತದೋ, ಎಷ್ಟು ಅಗಲವೋ ಎಂದು ಗೇಣಿನಿಂದ ಅಳೆಯುತ್ತ ನೆಲಕ್ಕೆ ಬಗ್ಗಿದ್ದಾಗ ಕಸ್ತೂರಿ ಬಾಗಿಲಲ್ಲಿ ನಿಂತಿದ್ದಳು.

"ರೀ, ಪೂಜಿ ಮುಗದು ಪ್ರಸಾದಕ್ಕ ಕರ್ಯಾಕತ್ತಾರ. ಮಂದಿ ಬಚ್ಚಲದಾಗ ಅಂಬೆಗಾಲ ಇಡಾಕತ್ತೀರಲ್ಲ, ಏನರ ಕಳದೈತೇನ್ರಿ?"

"ಸಿಕ್ಕೈತಿ!" ಎಂದೆ.

ಮನೆಗೆ ಬಂದು ಪಡಸಾಲೆಯಲ್ಲಿ ನಿಂತು ಘೋಷಣೆ ಮಾಡಿದೆ. ಎಂಟು ದಿನ. ಎಂಟೇ ದಿನದಲ್ಲಿ ಈ ಮನೆಯಲ್ಲಿ ವಾಕ್-ಇನ್ ಶವರು ಸಿದ್ಧವಾಗತಕ್ಕದ್ದು. ಅಕ್ಕ ಮಂಚದ ಮೇಲಿಂದ, "ಈರ್ಯಾ, ನಾ ಒಂದ ಮಾತ ಹೇಳ್ಲೇನೋ?" ಎಂದಳು.

"ನೀ ಆರಾಮ ಮಕ್ಕೋಳಕ್ಕ. ಎಲ್ಲಾ ನಾ ನೋಡ್ಕೊಂತೇನಿ."

ನನ್ನ ಅರವತ್ತು ವರ್ಷದ ಬಾಳಿನಲ್ಲಿ ಇದಕ್ಕಿಂತ ದಡ್ಡ ಮಾತು ಆಡಿದ್ದು ನೆನಪಿಲ್ಲ.

ಗೌಂಡಿ ಮಾಬುಸಾಬನನ್ನು ಕರೆಸಿದೆ. ನಮ್ಮ ಓಣಿಯವನೇ, ಅವನಿಗೂ ಎರೆದದ್ದು ಅಕ್ಕನೇ. ಅವನು ಮೊದಲು ಒಳಗೆ ಹೋಗಿ ಅಕ್ಕನ ಮಂಚದ ಹತ್ತಿರ ಹತ್ತು ನಿಮಿಷ ಕೂತು ಮಾತನಾಡಿದ. ಹೊತ್ತು ಹಾಳು ಮಾಡುತ್ತಿದ್ದಾನೆಂದು ನನಗೆ ಸಿಟ್ಟು ಬಂತು. ಆಮೇಲೆ ಹೊಸ್ತಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಸುತ್ತಿಗೆ ಬೀಸಿದ. ಮೂರು ಏಟಿಗೆ ಹೊಸ್ತಿಲು ಹೋಯಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ನಾಲ್ಕನೆಯ ಏಟನ್ನು ನಾನೇ ಹಾಕಿದೆ. ಅದು ಹೊಸ್ತಿಲಿಗೆ ಬೀಳದೆ ನೀರಿನ ಪೈಪಿಗೆ ಬಿತ್ತು.

ಪೈಪು ರಿಪೇರಿಗೆ ಮೂರು ದಿನ. ಅದು ಬಿಡಿ.

ಟೈಲ್ಸ್ ಕೂರಿಸುವಾಗ ಮಾಬುಸಾಬ ನೆಲಕ್ಕೆ ಇಳಿಜಾರು ಕೊಡಲು ಹೊರಟ. ನಾನು ತಡೆದೆ. ಇಳಿಜಾರಿನಲ್ಲಿ ವಾಕರ್ ಜಾರುವುದಿಲ್ಲವೇ? ಅಕ್ಕ ಇನ್ನೊಂದು ಸಲ ಬಿದ್ದರೆ ಯಾರು ಹೊಣೆ? ನೆಲ ಶಿಗ್ಗಾಂವಿಯ ಹಾಗೆ ಒಂದೇ ಸಮ ಇರಬೇಕೆಂದು ಕಟ್ಟಪ್ಪಣೆ ಮಾಡಿದೆ. ಪರೀಕ್ಷೆಗೆಂದು ಎದುರು ಮನೆಯಿಂದ ಒಂದು ಗೋಲಿ ತಂದು ಟೈಲ್ಸಿನ ನಡುವೆ ಇಟ್ಟೆ. ಗೋಲಿ ಅಲುಗಲಿಲ್ಲ.

"ನೋಡ, ಹೆಂಗ ನಿಂತೈತಿ!"

"ಸಾವ್ಕಾರ್ರ, ಗೋಲಿ ನಿಂತ್ರ ನೀರೂ ನಿಂದರತೈತ್ರಿ," ಎಂದ ಮಾಬುಸಾಬ.

ಅವನು ಹೇಳಿದ್ದು ತಪ್ಪಾಯಿತು. ನೀರು ನಿಲ್ಲಲಿಲ್ಲ! ಮೊದಲ ಬಕೆಟ್ ಸುರಿದ ಕೂಡಲೇ ಅದು ನಾಲ್ಕೂ ದಿಕ್ಕು ನೋಡಿ, ತಡೆಯಲು ಹೊಸ್ತಿಲಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡು, ನೆಟ್ಟಗೆ ಪಡಸಾಲೆಗೆ ಹೊರಟಿತು. ಅಲ್ಲಿ ಗೋವಿನಜೋಳದ ಸುಗ್ಗಿಗೆಂದು ತರಿಸಿಟ್ಟಿದ್ದ ಗೋಣಿಚೀಲದ ಕಟ್ಟುಗಳಿದ್ದವು. ಚೀಲಗಳು ಹೊಟ್ಟೆ ತುಂಬ ಕುಡಿದವು. ಅಪ್ಪ ಗೇಣೆತ್ತರ ಹೊಸ್ತಿಲು ಯಾಕೆ ಕಟ್ಟಿಸಿದ್ದ ಎಂಬುದು ನನಗೆ ಆಗ ಪೂರ್ತಿ ಅರ್ಥವಾಯಿತು. ಶಿಗ್ಗಾಂವಿಯ ನೆಲಕ್ಕೂ ಕಣ್ಣಿಗೆ ಕಾಣದಷ್ಟು ಇಳಿಜಾರು ಇತ್ತಂತೆ. ಕಣ್ಣಿಗೆ ಕಾಣದ್ದು ನನಗೆ ಹೇಗೆ ಕಾಣಬೇಕು?

ಟೈಲ್ಸ್ ಒಡೆದು ಮತ್ತೆ ಹಾಕಿದೆವು. ಎಂಟು ದಿನ ಹೋಗಿ ಒಂದೂವರೆ ತಿಂಗಳಾಯಿತು. ಮನೆಗೆ ಇದ್ದದ್ದು ಅದೊಂದೇ ಬಚ್ಚಲು. ನಾನೂ ಕಸ್ತೂರಿಯೂ ಹಿತ್ತಲಿನಲ್ಲಿ ಸೀರೆಯ ಮರೆ ಕಟ್ಟಿ ಮೀಯುತ್ತಿದ್ದೆವು. ಅಕ್ಕನಿಗೆ ಅಡುಗೆ ಮನೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ. ಅವಳನ್ನು ಆ ಕುರ್ಚಿಯಿಂದ ಬಿಡಿಸಲು ಹೊರಟವನು ನಾನು. ಅವಳನ್ನು ಅದರಲ್ಲಿ ಮತ್ತಷ್ಟು ದಿನ ಕೂರಿಸಿದವನೂ ನಾನೇ. ಬೆಳಿಗ್ಗೆ ಅಡುಗೆ ಮನೆಯ ಬಾಗಿಲು ಮುಚ್ಚಿದ ಕೂಡಲೇ ನಾನು ಅಂಗಡಿಗೆ ಓಡಿಬಿಡುತ್ತಿದ್ದೆ.

ಇನ್ನು ಗಾಜು. ಗಾಜಿನ ಅಳತೆಗೆ ಮಾಬುಸಾಬ ಟೇಪು ಕೊಡಲು ಬಂದ. ಮೂವತ್ತೈದು ವರ್ಷ ಹಗ್ಗ ಅಳೆದು ಮಾರಿದವನಿಗೆ ಟೇಪು! ಒಂದು ನೈಲಾನ್ ಹಗ್ಗ ತಂದೆ. ಇಲ್ಲಿ ಒಂದು ಗುಟ್ಟು ಹೇಳಿಬಿಡುತ್ತೇನೆ. ನಾನು ಹಗ್ಗ ಅಳೆಯುವಾಗ ಜಗ್ಗಿ ಹಿಡಿಯುತ್ತೇನೆ, ಮಾರು ಕಡಿಮೆ ಬೀಳುತ್ತದೆ ಎಂದು ಸಂತೆಗೆ ಬರುವ ರೈತರ ಹಳೆಯ ದೂರು. ಸ್ವಲ್ಪ ಜಗ್ಗುತ್ತೇನೆ, ಸುಳ್ಳಲ್ಲ. ಆದರೆ ಇದು ಅಕ್ಕನ ಬಚ್ಚಲು. ಇಲ್ಲಿ ಮೋಸ ಕೂಡದೆಂದು, ಕಸ್ತೂರಿಗೆ ಆ ತುದಿ ಹಿಡಿಸಿ, ಒಂದಿಷ್ಟೂ ಜಗ್ಗದೆ ಅಳೆದು ಎರಡು ಗಂಟು ಹಾಕಿದೆ. ಹಗ್ಗ ಹಿಡಿದು ಹಾನಗಲ್ಲಿನ ಗಾಜಿನ ಅಂಗಡಿಗೆ ಹೋದೆ. ಅಂಗಡಿಯವನು ಎರಡು ಗಂಟು ಹಿಡಿದು, ಮೇಜಿನ ಮೇಲೆ ಟಣ್ಣೆನ್ನುವ ಹಾಗೆ ಜಗ್ಗಿ ಅಳತೆ ಬರೆದುಕೊಂಡ. ನಾನು ಪಕ್ಕದಲ್ಲೇ ನಿಂತು ನೋಡಿದೆ. ನೋಡಿ ಏನನ್ನಿಸಿತು? ಇವನೂ ನಮ್ಮ ಹಾಗೆ ಪಳಗಿದ ಕೈಯವನು ಎಂದು ಅಭಿಮಾನ ಉಕ್ಕಿತು!

ಹದಿನೈದು ದಿನಕ್ಕೆ ಗಾಜು ಬಂತು, ಕೂರಿಸಿದರು. ಅವನು ಜಗ್ಗಿದಾಗ ಹಗ್ಗ ಹಿಗ್ಗಿದಷ್ಟು, ನಾಲ್ಕು ಬೆರಳು, ಉದ್ದವಾಗಿತ್ತು. ಪಕ್ಕದ ದಾರಿ ನಾಲ್ಕು ಬೆರಳು ಸಣ್ಣದಾಯಿತು. ಅಕ್ಕ ವಾಕರ್ ಹಿಡಿದು ಬಂದಳು. ವಾಕರಿನ ಎರಡು ಕಾಲು ಒಳಗೆ ಹೋದವು, ಆಮೇಲೆ ಸಿಕ್ಕಿಕೊಂಡಿತು. ಒಳಗೂ ಹೋಗದು, ಹೊರಗೂ ಬಾರದು. ಮಾಬುಸಾಬ ಒಳಗಿನಿಂದ ತಳ್ಳಿದ, ನಾನು ಹೊರಗಿನಿಂದ ಎಳೆದೆ, ಕಸ್ತೂರಿ ಅಕ್ಕನನ್ನು ಹಿಡಿದುಕೊಂಡಳು. ಈ ಗದ್ದಲದ ನಡುವೆ ಅಕ್ಕ ಒಬ್ಬಳೇ ಸಾವಕಾಶ ಮಾತನಾಡಿದಳು.

"ನಡಕೋತ ಹೋಗೂದು ಅಂದಿದ್ದೆಲ್ಲೋ. ಅಡ್ಡಡ್ಡ ಹೋಗೂದು ಅಂತ ಮೊದ್ಲ ಹೇಳಬೇಕಿಲ್ಲ?"

ಗಾಜು ಕತ್ತರಿಸಿ ಕೊಡಿ ಎಂದು ಫೋನು ಮಾಡಿದರೆ ಅಂಗಡಿಯವನು ನಕ್ಕ. "ಅದು ಕಾಸಿದ ಗಾಜರಿ. ಕೊಯ್ಯಾಕ ಹ್ವಾದ್ರ ಸಕ್ಕರಿ ಆಕ್ಕೈತಿ. ನಿಮ್ಮ ಗಂಟಿಗೆ ಸರಿಯಾಗಿ ಕೊಟ್ಟೇನ್ರಿ." ಇಡೀ ಜೀವಮಾನದಲ್ಲಿ ಒಂದೇ ಒಂದು ಸಲ ಹಗ್ಗ ಜಗ್ಗದೆ ಪ್ರಾಮಾಣಿಕವಾಗಿ ಅಳೆದೆ. ಆ ಒಂದೇ ಸಲ ಜಗ್ಗಬೇಕಾಗಿತ್ತು! ನ್ಯಾಯ ಎಂಬುದು ಈ ಲೋಕದಲ್ಲಿ ಎಲ್ಲಿದೆ ಹೇಳಿ. ಗಾಜು ಹಿತ್ತಲಿಗೆ ಹೋಯಿತು. ಎದುರು ಮನೆಯ ಹುಂಜ ಅದರಲ್ಲಿ ತನ್ನನ್ನೇ ನೋಡಿ ದಿನಾ ಜಗಳಕ್ಕೆ ನಿಲ್ಲುತ್ತದೆ. ಬಚ್ಚಲಿಗೆ ಪ್ಲಾಸ್ಟಿಕ್ ಪರದೆ ಬಂತು.

ಆದರೂ ಒಂದು ಬುಧವಾರ ಎಲ್ಲವೂ ಸಿದ್ಧವಾಯಿತು. ಹೊಸ್ತಿಲಿಲ್ಲ, ನೆಲದ ನೀರು ಮೋರಿಗೇ ಹೋಗುತ್ತದೆ, ವಾಕರ್ ಸಲೀಸಾಗಿ ಒಳಗೆ ಬರುತ್ತದೆ, ಸೂರಿನಲ್ಲಿ ಗಂಗಾಳದಂಥ ಶವರು. ಮಾಬುಸಾಬನೂ ಉಳಿದ ಸಾಮಾನು ಒಯ್ಯಲು ಬಂದಿದ್ದ. ಅಕ್ಕ ನಡೆದುಕೊಂಡೇ ಒಳಗೆ ಹೋದಳು! ನನ್ನ ಎದೆ ಉಬ್ಬಿತು. ನಡುವೆ ನಿಂತು ಕತ್ತೆತ್ತಿ ಶವರು ನೋಡಿದಳು. ಬಹಳ ಹೊತ್ತು ನೋಡಿದಳು.

"ಈರ್ಯಾ, ಇವತ್ತ ಏನ್ ವಾರ?"

"ಬುಧವಾರಕ್ಕ."

"ಬುಧವಾರ ನಾ ಯಾಕ ತಲಿ ತೊಯ್ಸಕೊಳ್ಳಿ?"

ನಮ್ಮ ಕಡೆ ಹೆಂಗಸರು ತಲೆಗೆ ನೀರು ಹಾಕಿಕೊಳ್ಳುವುದು ಮಂಗಳವಾರ, ಶುಕ್ರವಾರ. ಉಳಿದ ದಿನ ಕೂದಲು ಎತ್ತಿ ಕಟ್ಟಿ ಮೈಗಷ್ಟೇ ಸ್ನಾನ. ಅಕ್ಕನ ಕೂದಲು ಈ ವಯಸ್ಸಿನಲ್ಲೂ ಸೊಂಟದವರೆಗೆ ಇತ್ತು, ಒಣಗಲು ಅರ್ಧ ದಿನ ಬೇಕು. ವಾರಕ್ಕೆ ಎರಡು ಸಲ ಇಬ್ಬರೂ ಹೆಂಗಸರು ಹಿತ್ತಲ ಬಿಸಿಲಿನಲ್ಲಿ ಕೂದಲು ಹರವಿಕೊಂಡು ಕೂತದ್ದನ್ನು ನಾನು ಮದುವೆಯಾದಾಗಿನಿಂದ ನೋಡಿದ್ದೇನೆ. ನೋಡಿ ಏನು ಮಾಡಿದೆ? ತಲೆಯ ನೆತ್ತಿಗೇ ಸುರಿಯುವ ಶವರು ತಂದು ಹಾಕಿದೆ!

ಕಸ್ತೂರಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. "ಶಿಗ್ಗಾಂವಿಗೆ ಹೋಗಿ ನೆಲಾ ಅಳದ್ರಿ, ಹಾನಗಲ್ಲಿಗೆ ಹೋಗಿ ಗಾಜ ತಂದ್ರಿ. ಮನ್ಯಾಗಿನ ಹೆಂಗಸರು ಹೆಂಗ ಜಳಕಾ ಮಾಡ್ತಾರಂತ ಒಂದ ದಿನಾ ಕೇಳಿದ್ರೇನ್ರಿ?"

ಹಿರೇಕೆರೂರಿನಲ್ಲಿ ಸ್ನಾನದ ಬಗ್ಗೆ ಅಕ್ಕನಿಗಿಂತ ಹೆಚ್ಚು ತಿಳಿದವರಿಲ್ಲ. ನಾನು ಅವಳೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕೇಳಿದ್ದೆ. ಎರಡೂವರೆ ತಿಂಗಳ ಮೇಲೆ ಕೇಳಿದೆ. "ಹಂಗಾರ ನಿನಗ ಏನ್ ಬೇಕಕ್ಕ?"

ಅಕ್ಕ ಮಾಬುಸಾಬನ ಕಡೆ ತಿರುಗಿದಳು. "ಏ ಮಾಬು, ಇಲ್ಲೆ ಗ್ವಾಡಿ ಹತ್ತಿ ಕುರ್ಚಿ ಎತ್ತರಕ ಒಂದ ಕಟ್ಟಿ. ಕುಂತಲ್ಲೆ ಕೈಗೆ ಸಿಗೂವಂಗ ಒಂದ ನಳ. ಏಳುವಾಗ ಹಿಡ್ಕೊಳ್ಳಾಕ ಒಂದ ಪೈಪ. ಆತು."

"ಅದನ್ನ ನೀವು ಮೊದಲನೇ ದಿನಾನ ಹೇಳಿದ್ರಿ ಅವ್ವಾರ," ಎಂದ ಮಾಬುಸಾಬ.

ನಾನು ಹೌಹಾರಿದೆ. "ಮೊದಲನೇ ದಿನ? ಮತ್ತ ನನಗ ಯಾಕ ಹೇಳಲಿಲ್ಲೋ?"

"ಹೇಳಾಕ ಬಂದೆ. ನೀವು ಸುತಗಿ ತಗೊಂಡ ಪೈಪಿಗೆ ಹಾಕಿದ್ರಿ. ನಾ ನೀರ ಬಂದ ಮಾಡಾಕ ಓಡಿದೆ. ಆಮ್ಯಾಲ ನಾ ಹೇಳಿದ್ದು ಯಾವದ ಕೇಳೀರಿ?"

ಒಂದೇ ದಿನದಲ್ಲಿ ಕಟ್ಟೆ, ನಳ, ಪೈಪು ಮೂರೂ ಆದವು. ಹೋಗುವಾಗ ಮಾಬುಸಾಬ ಬೆರಳೆತ್ತಿ ಹೇಳಿದ. "ಹತ್ತ ದಿನಾ ಎರಡೂ ಹೊತ್ತು ಕಟ್ಟಿಗೆ ನೀರ ಹೊಡೀರಿ. ಅಲ್ಲೀತನಕ ಯಾರೂ ಕುಂದ್ರಬ್ಯಾಡ್ರಿ. ಪೈಪ ಜಗ್ಗಬ್ಯಾಡ್ರಿ."

ನೀರು ಹೊಡೆಯುವ ಕೆಲಸವನ್ನು ಅಕ್ಕ ಯಾರಿಗೂ ಬಿಡಲಿಲ್ಲ. ಬೆಳಿಗ್ಗೆ ಸಂಜೆ ವಾಕರ್ ಹಿಡಿದು ಹೋಗಿ, ಒಂದು ಕೈಯಲ್ಲಿ ತಂಬಿಗೆ ಹಿಡಿದು, ಕಟ್ಟೆಯ ಮೂಲೆ ಮೂಲೆಗೆ ನೀರು ಹಾಕಿ, ಅಂಗೈಯಿಂದ ಸವರಿ ಬರುತ್ತಿದ್ದಳು.

"ನಿಮ್ಮಕ್ಕಾರು ಕೂಸಿಗೆ ಎರದಂಗ ಎರ್ಯಾಕತ್ತಾರ ನೋಡ್ರಿ," ಎಂದಳು ಕಸ್ತೂರಿ.

"ಕೂಸಿನಕಿಂತ ಚೊಲೋ ಐತಿ," ಎಂದಳು ಅಕ್ಕ. "ಅಳೂದಿಲ್ಲ."

ಆ ದಿನಗಳಲ್ಲಿ ಅವಳ ಬಾಯಿ ಮೊದಲಿನ ಹಾಗೆ ಆಯಿತು. ಅಡುಗೆ ಮನೆಯ ಕುರ್ಚಿಯಲ್ಲಿ ಕೂತಾಗಲೂ ಕಸ್ತೂರಿಯ ಹತ್ತಿರ ಮಾತನಾಡುತ್ತಿದ್ದಳು. "ಇನ್ನ ನಾಕ ದಿನಾ ತಡ್ಕೊವಾ, ನಿನ್ನ ಬಿಡತೇನಿ" ಎನ್ನುತ್ತಿದ್ದಳು. ನಾನು ಅಂಗಡಿಗೆ ಓಡುವುದನ್ನು ಬಿಟ್ಟಿದ್ದೆ.

ಏಳನೆಯ ದಿನ ಬೆಳಿಗ್ಗೆ ಕಟ್ಟೆಗೆ ನೀರು ಹಾಕಿ ಬಂದು ಮಂಚದ ಮೇಲೆ ಕೂತಳು. ಚಹಾ ಕುಡಿದಳು. "ಯಾಕೋ ಎದಿ ಹಿಡದಂಗ ಆತು" ಎಂದು ದಿಂಬಿಗೆ ಒರಗಿದಳು. ನಾನು ಗಾಡಿ ತರಲು ಚಪ್ಪಲಿ ಹುಡುಕುತ್ತಿದ್ದೆ. ಒಂದು ಚಪ್ಪಲಿ ಸಿಕ್ಕಿತು. ಇನ್ನೊಂದು ಸಿಗುವಷ್ಟರಲ್ಲಿ ಕಸ್ತೂರಿ ಕೂಗಿದಳು.

ಓಣಿಯ ಹೆಂಗಸರು ಅಂಗಳದಲ್ಲಿ ಬೆಂಚು ಹಾಕಿ ಅಕ್ಕನಿಗೆ ನೀರು ಹಾಕಿದರು. ಸಂಜೆಯೊಳಗೆ ಮಣ್ಣು ಮಾಡಿ ಬಂದೆವು.

ಮಣ್ಣಿಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳಲೇಬೇಕು. ಯಾವ ವಾರವಾದರೂ ಸರಿ. ಹತ್ತಿಮತ್ತೂರಿನಿಂದ, ಹಿರೇಬೆಂಡಿಗೇರಿಯಿಂದ ಬಂದ ನೆಂಟರು ನಮ್ಮ ಬಚ್ಚಲಿನ ಮುಂದೆ ಸಾಲು ನಿಂತರು. ಅಂದು ಆ ಶವರು ಕೆಲಸ ಮಾಡಿದ್ದನ್ನು ನೋಡಬೇಕಿತ್ತು! ತಡೆಯಿಲ್ಲ, ತಕರಾರಿಲ್ಲ. ಒಬ್ಬೊಬ್ಬರೇ ನಡೆದು ಒಳಗೆ ಹೋಗಿ ನೆತ್ತಿ ತೋಯಿಸಿಕೊಂಡು ನಡೆದು ಹೊರಗೆ ಬಂದರು. "ಭಾಳ ಅನುಕೂಲ ಮಾಡ್ಸೀರಿ ಈರಣ್ಣಾರ" ಎಂದರು. ಯಾರಿಗೆ ಅನುಕೂಲ? ನನಗೆ ಮೈ ಉರಿಯಿತು.

ಆಗ ಪರದೆಯ ಆಚೆ ಭಾವನ ತಮ್ಮ, ಭಾರಿ ಆಳು, ಸೋಪು ಹಚ್ಚಲು ಕಟ್ಟೆಯ ಮೇಲೆ ಕೂರುತ್ತಿರುವುದು ನೆರಳಿನಲ್ಲಿ ಕಾಣಿಸಿತು.

"ಕುಂದ್ರಬ್ಯಾಡ್ರಿ!" ಎಂದು ಕೂಗಿದೆ. "ಏಳ್ರಿ! ಇನ್ನ ಮೂರ ದಿನಾ ಐತಿ! ಯಾರೂ ಕುಂದ್ರಬ್ಯಾಡ್ರಿ ಅಂದೇನಿ!"

ಅವನು ಸೋಪಿನ ಮೈಯಲ್ಲೇ ಎದ್ದು ನಿಂತ. ಅಂಗಳದ ಅಳು ಒಮ್ಮೆ ನಿಂತಿತು. ಒದ್ದೆ ಬಟ್ಟೆಯಲ್ಲೇ ಬಂದು ನಾನು ಬಚ್ಚಲಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತೆ. ಒಳಗೆ ಹೋಗುವ ಪ್ರತಿಯೊಬ್ಬರಿಗೂ ಅದನ್ನೇ ಹೇಳಿದೆ. ದುಃಖದಲ್ಲಿ ನನಗೆ ತಲೆ ಕೆಟ್ಟಿದೆ ಎಂದು ನೆಂಟರು ಕಸ್ತೂರಿಗೆ ಸಮಾಧಾನ ಹೇಳಿದರಂತೆ. "ಅವರದು ಮೊದ್ಲಿಂದಾನೂ ಹಂಗರಿ" ಎಂದಳಂತೆ ಅವಳು.

ಉಳಿದ ಮೂರು ದಿನ ಎರಡೂ ಹೊತ್ತು ಕಟ್ಟೆಗೆ ನಾನೇ ನೀರು ಹಾಕಿದೆ. ಹತ್ತನೆಯ ದಿನ ಮಾಬುಸಾಬ ಬಂದು, ಬೆರಳ ಗಿಣ್ಣಿನಿಂದ ಕುಟ್ಟಿ ನೋಡಿ ಹೋದ. ಕಟ್ಟೆ ಗಟ್ಟಿಯಾಗಿದೆ. ನಳದಲ್ಲಿ ನೀರು ಬರುತ್ತದೆ. ಪೈಪು ಅಲುಗುವುದಿಲ್ಲ. ಕಸ್ತೂರಿ ಅಲ್ಲೇ ಕೂತು ಸ್ನಾನ ಮಾಡುತ್ತಾಳೆ. ನನಗೂ ಈಚೆಗೆ ಮೊಣಕಾಲು ಹಿಡಿಯುತ್ತದೆ, ನಾನೂ ಕೂರುತ್ತೇನೆ. ನೋಡಲು ಬಂದವರೂ ಒಮ್ಮೆ ಕೂತು ನೋಡುತ್ತಾರೆ.

ಅಕ್ಕ ಅದರ ಮೇಲೆ ಒಂದು ದಿನವೂ ಕೂರಲಿಲ್ಲ.